ನಮ್ಮ ಮನೆಗೆ ಬಂದ ಗುಂಡು ತಮ್ಮ

ಅಕ್ಷರವೆಂದರೆ ಅಕ್ಷರ, ಅದು ದಪ್ಪಗಿದ್ದರೇನು, ಸಣ್ಣಗಿದ್ದರೇನು, ಓದಿದವರಿಗೆ ಅರ್ಥವಾದರೆ ಸಾಲದೆ? ಬಹುಕಾಲ ನಾವು ಹೀಗೆಯೇ ತಿಳಿದುಕೊಂಡಿದ್ದೆವು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಹನ್ನೆರಡು ವರ್ಷ ಕಳೆದವರಿಗೆ ಹಾಗೆನ್ನಿಸುವುದು ಸಹಜವೇ ಸರಿ. ನಮ್ಮ ಕಡತಗಳಲ್ಲಿ ಅಕ್ಷರಕ್ಕೆ ರೂಪವೆಂಬುದಿಲ್ಲ. ಇರುವುದೆಲ್ಲ ಸಂಖ್ಯೆ, ದಿನಾಂಕ, ರುಜು. ಹೀಗಿದ್ದ ನಾವು ಈಗ ಅಕ್ಷರದ ಹೊಟ್ಟೆ, ತಲೆ, ಬಾಲಗಳನ್ನು ಕುರಿತು ನಾಲ್ಕು ಪುಟ ಬರೆಯಲು ಕುಳಿತಿದ್ದೇವೆಂದರೆ ಓದುಗರಿಗೆ ನಗು ಬಂದೀತು. ನಗಲಿ. ಆದರೆ ಕಾರಣವನ್ನು ಕೇಳಿದ ಮೇಲೆ ನಗಬೇಕೆಂದು ಪ್ರಾರ್ಥನೆ.

ಹೋದ ವರ್ಷ ಬೇಸಿಗೆಯ ರಜೆಯಲ್ಲಿ ನಮ್ಮ ತಾಯಿಯವರನ್ನು ಬೆಂಗಳೂರಿನಲ್ಲಿರುವ ತಂಗಿಯ ಮನೆಗೆ ಕಳಿಸಲೆಂದು ನಾರಾಯಣಗೂಡದಿಂದ ಕಾಚಿಗುಡ ನಿಲ್ದಾಣಕ್ಕೆ ಹೋಗಿದ್ದೆವು. ಎರಡನೆಯ ತರಗತಿ ಮುಗಿಸಿದ್ದ ಮಗನೂ ಜೊತೆಗಿದ್ದ. ಗಾಡಿಯ ಪಕ್ಕದಲ್ಲಿ ತೂಗುಹಾಕಿದ್ದ ಹಲಗೆಯ ಮೇಲೆ ಊರಿನ ಹೆಸರು ನಾಲ್ಕು ಲಿಪಿಗಳಲ್ಲಿತ್ತು. ಹುಡುಗ ಇಂಗ್ಲಿಷನ್ನು ಓದಿದ, ಹಿಂದಿಯನ್ನು ಓದಿದ, ತೆಲುಗನ್ನು ಗಟ್ಟಿಯಾಗಿ ಓದಿದ. ಕನ್ನಡದ ಸಾಲಿಗೆ ಬಂದಾಗ ತಡೆದು ನಿಂತು, "ಅಪ್ಪಾ, ಇಲ್ಲಿ ಯಾಕ ತೆಲುಗು ತಪ್ಪು ಬರದಾರ?" ಎಂದು ಕೇಳಿದ.

ಪಕ್ಕದಲ್ಲಿದ್ದವರು ನಕ್ಕರು. ನಾವೂ ನಕ್ಕಂತೆ ಮಾಡಿದೆವು. ನಮ್ಮ ತಾಯಿಯವರು ಮಾತ್ರ ನಗಲಿಲ್ಲ. ಗಾಡಿ ಹೊರಡುವ ಮುನ್ನ ಕಿಟಕಿಯಿಂದ ಕೈಚಾಚಿ ಮೊಮ್ಮಗನ ಗಲ್ಲ ಸವರಿ, ನಮ್ಮ ಕಡೆ ತಿರುಗಿ, "ಮನಿಯೊಳಗ ಮಾತಾಡ್ತಾನ, ಖರೆ. ಆದ್ರ ನಾ ಬರದ ಪತ್ರ ಓದಾವ್ರು ನಿನ್ನ ಮ್ಯಾಲ ಯಾರೂ ಇಲ್ಲಂತಾತು" ಎಂದರು. ಅಂದಿನಿಂದ ಆ ಮಾತು ನಮ್ಮನ್ನು ಬಿಡಲಿಲ್ಲ.

ಹುಡುಗನ ತಪ್ಪೇನೂ ಇರಲಿಲ್ಲ. ನಮ್ಮ ಊರು ರಾಯಚೂರು ಕಡೆಯದು. 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಸೀಮೆಗಳು ಹಳೆಯ ಹೈದರಾಬಾದು ಸಂಸ್ಥಾನದ ಭಾಗವಾಗಿರುವುದು ಮುಗಿದು ಮೈಸೂರು ರಾಜ್ಯಕ್ಕೆ ಸೇರಿದುವು. ಅದಕ್ಕೂ ಮುಂಚೆ ಹೈದರಾಬಾದೇ ನಮ್ಮವರಿಗೆ ರಾಜಧಾನಿ. ಓದಿಗೆ, ವಕೀಲಿಗೆ, ನೌಕರಿಗೆ ಇಲ್ಲಿಗೆ ಬಂದವರು ಕಾಚಿಗುಡ, ಬರ್ಕತ್‌ಪುರ, ನಾರಾಯಣಗೂಡಗಳಲ್ಲಿ ಬಿಡಾರ ಮಾಡಿ ಇಲ್ಲಿಯವರೇ ಆದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿದವರು ಇಂಥವರೇ. ಆದರೆ ಇಂದು ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದುವುದು ಇಂಗ್ಲಿಷು ಶಾಲೆಗಳಲ್ಲಿ. ತೆಲಂಗಾಣದಲ್ಲಿ 2018ರಲ್ಲಿ ಬಂದ ಶಾಸನದಂತೆ ಒಂದರಿಂದ ಹತ್ತನೆಯ ತರಗತಿಯವರೆಗೆ ತೆಲುಗು ಕಡ್ಡಾಯ. ಅದು ನ್ಯಾಯವೇ, ನಾವು ಉಣ್ಣುವ ಅನ್ನ ಈ ನೆಲದ್ದು. ಆದರೆ ಇಂಗ್ಲಿಷು, ತೆಲುಗು, ಹಿಂದಿ ಮೂರೂ ಶಾಲೆಯಲ್ಲಿ ಮುಗಿದ ಮೇಲೆ ಕನ್ನಡಕ್ಕೆ ಉಳಿಯುವುದು ಭಾನುವಾರ ಬೆಳಗಿನ ಒಂದು ಗಂಟೆ ಮಾತ್ರ.

ಆ ಒಂದು ಗಂಟೆಯ ತರಗತಿಯನ್ನು ನಮ್ಮ ಸಂಘದ ಕೋಣೆಯಲ್ಲಿ ಜೂನ್ ತಿಂಗಳಲ್ಲಿ ಆರಂಭಿಸಿದೆವು. ಏಳು ಮಕ್ಕಳು ಬಂದರು. ದಸರೆಯ ಹೊತ್ತಿಗೆ ನಾಲ್ವರು ಉಳಿದರು. ಐದಕ್ಕಿಂತ ಕಡಿಮೆಯಾದರೆ ಕೋಣೆಯನ್ನು ಬೇರೆ ಕೆಲಸಕ್ಕೆ ಕೊಡುವುದೆಂದು ಕಾರ್ಯಕಾರಿ ಸಮಿತಿಯಲ್ಲಿ ಮೊದಲೇ ಮಾತಾಗಿತ್ತು. ನಾವು ಕಲಿಸುತ್ತಿದ್ದುದು ಹಳೆಯ ಅಂಕಲಿಪಿಯೊಂದರ ನೆರಳಚ್ಚಿನಿಂದ. ಅಚ್ಚು ಸಣ್ಣದು, ಗೆರೆ ಕೂದಲಿನಷ್ಟು ತೆಳ್ಳಗೆ, ಅಲ್ಲಲ್ಲಿ ಮಸಿ ಹಾರಿಹೋಗಿತ್ತು. ಮಕ್ಕಳು ಅದನ್ನು ನೋಡುತ್ತಿದ್ದ ನೋಟ, ನಾವು ಕಚೇರಿಯಲ್ಲಿ ಲೆಕ್ಕಪರಿಶೋಧಕರ ಟಿಪ್ಪಣಿಯನ್ನು ನೋಡುವ ನೋಟದಂತೆಯೇ ಇತ್ತು.

ಹೀಗಿರುವಾಗ ಬೆಂಗಳೂರಿನ ತಂಗಿಯ ಮಗಳ ಹುಟ್ಟುಹಬ್ಬಕ್ಕೆ ಫೋನಿನಲ್ಲಿ ಒಂದು ಕರೆಯೋಲೆ ಬಂದಿತು. ಹುಡುಗ ಅದನ್ನು ನೋಡಿದವನೇ ನಗಲಾರಂಭಿಸಿದ. "ಅಪ್ಪಾ, ನೋಡು, ಅಕ್ಷರಕ್ಕ ಢೊಳ್ಳುಹೊಟ್ಟಿ ಬಂದದ!" ಎಂದು ಬೆರಳಿನಿಂದ ಅಕ್ಷರಗಳ ಮೇಲೆ ತಿದ್ದತೊಡಗಿದ. ತಿಂಗಳುಗಟ್ಟಲೆ ಗದರಿಸಿದರೂ ಕನ್ನಡ ತಿದ್ದದಿದ್ದ ಕೈ ಅದು. ನಮ್ಮ ಮನೆಯಾಕೆ ಕೂಡಲೇ ಫೋನು ಮಾಡಿ ನಾದಿನಿಯಿಂದ ಆ ಅಕ್ಷರದ ಹೆಸರನ್ನು ತಿಳಿದುಕೊಂಡರು. ಅದರ ಹೆಸರು 'ಬಲೂ ತಮ್ಮ'.

ಹೆಸರಿನ ಕಥೆ

ಬಲೂ ತಮ್ಮ ಎಂಬುದು ಕಂಪ್ಯೂಟರಿನಲ್ಲಿ ಬಳಸುವ ಒಂದು ಕನ್ನಡ ಫಾಂಟು. ಹಳೆಯ ಮುದ್ರಣಾಲಯದವರ ಮಾತಿನಲ್ಲಿ ಹೇಳುವುದಾದರೆ ಅಚ್ಚುಮೊಳೆಯ ಒಂದು ಬಗೆ. ಮುಂಬಯಿಯ 'ಏಕ್ ಟೈಪ್' ಎಂಬ ಅಕ್ಷರ ವಿನ್ಯಾಸಕರ ಬಳಗ ಇದನ್ನು ರೂಪಿಸಿತು. 2016ರಲ್ಲಿ ಗೂಗಲ್ ಫಾಂಟ್ಸ್ ಭಂಡಾರದ ಮೂಲಕ ಎಲ್ಲರಿಗೂ ದೊರೆಯಿತು. ಹಿಂದಿಯಲ್ಲಿ ಭಾಲೂ ಎಂದರೆ ಕರಡಿ. ಮುಂಬಯಿಯಲ್ಲೇ ಹುಟ್ಟಿದ ಕಿಪ್ಲಿಂಗ್ ಮಹಾಶಯರು 1894ರಲ್ಲಿ ಪ್ರಕಟಿಸಿದ 'ಜಂಗಲ್ ಬುಕ್' ಕಥೆಗಳಲ್ಲಿ ಮೌಗ್ಲಿಗೆ ಪಾಠ ಹೇಳುವ ಮುದಿ ಕರಡಿಯ ಹೆಸರೂ ಬಲೂ. ಅಕ್ಷರಗಳನ್ನು ನೋಡಿದರೆ ಹೆಸರು ಒಪ್ಪುತ್ತದೆ: ಮೈತುಂಬ ದಪ್ಪ, ಮೂಲೆಗಳೆಲ್ಲ ದುಂಡಗೆ, ನಿಂತ ನಿಲುವಿನಲ್ಲಿಯೇ ಸಣ್ಣ ಕುಣಿತ.

ಈ ಕರಡಿಗೆ ದೇಶದ ತುಂಬ ಒಡಹುಟ್ಟಿದವರಿದ್ದಾರೆ. ದೇವನಾಗರಿಯಲ್ಲಿ ಬರೀ ಬಲೂ; ಗುಜರಾತಿಯಲ್ಲಿ ಬಲೂ ಭಾಯ್; ಬಂಗಾಳಿಯಲ್ಲಿ ಬಲೂ ದಾ; ಪಂಜಾಬಿನ ಗುರುಮುಖಿಯಲ್ಲಿ ಬಲೂ ಪಾಜಿ; ಒಡಿಯಾದಲ್ಲಿ ಬಲೂ ಭಾಇನಾ; ಮಲಯಾಳದಲ್ಲಿ ಬಲೂ ಚೇಟ್ಟನ್; ತಮಿಳಿನಲ್ಲಿ ಬಲೂ ತಂಬಿ; ತೆಲುಗಿನಲ್ಲಿ ಬಲೂ ತಮ್ಮುಡು; ಉರ್ದು ಬರೆಯುವ ಅರಬ್ಬಿ ಲಿಪಿಯಲ್ಲಿ ಬಲೂ ಭಾಯಿಜಾನ್. ಬಂಗಾಳದವರಿಗೂ ಮಲಯಾಳದವರಿಗೂ ಅವನು ಅಣ್ಣ. ನಮಗೆ, ತೆಲುಗರಿಗೆ, ತಮಿಳರಿಗೆ ತಮ್ಮ. ಎಲ್ಲರೊಡನೆಯೂ ಇಂಗ್ಲಿಷು ಅಕ್ಷರಗಳು ಒಂದೇ ಮೈಕಟ್ಟಿನಲ್ಲಿ ಕೂಡಿಕೊಂಡಿವೆ. ನಮ್ಮ ನಾರಾಯಣಗೂಡದ ಒಂದು ಬೀದಿಯಲ್ಲಿ ನಿಂತರೆ ತಮ್ಮುಡು, ಭಾಯಿಜಾನ್ ಇಬ್ಬರಿಗೂ ಕೆಲಸವುಂಟು. ತಮ್ಮನಿಗೆ ಮಾತ್ರ ನಮ್ಮ ಸಂಘದ ಬಾಗಿಲೊಂದೇ ಆಸರೆ.

ನಮ್ಮ ಸೀಮೆಯಲ್ಲಿ ಗಂಡುಮಕ್ಕಳನ್ನು ಅಕ್ಕರೆಯಿಂದ ಕರೆಯುವುದೇ 'ತಮ್ಮಾ' ಎಂದು. ಬೆಂಗಳೂರಿನಿಂದ ಹಿಂದಿರುಗಿದ್ದ ನಮ್ಮ ತಾಯಿಯವರಿಗೆ ಈ ಹೆಸರನ್ನು ಹೇಳಿದಾಗ ಅವರಿಗೆ ಬಹಳ ಹಿಗ್ಗಾಯಿತು. ಕನ್ನಡಕ ಏರಿಸಿ ನೋಡಿ, "ಹೂರಣ ತುಂಬಿದ ಕಡಬಿನ್ಹಂಗ ಉಬ್ಬ್ಯಾವಲ್ಲೋ ತಮ್ಮಾ ಇವು!" ಎಂದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಸಣ್ಣ ಅಚ್ಚನ್ನು ಓದುವುದನ್ನೇ ಬಿಟ್ಟಿದ್ದರು. ಈ ಕಡಬುಗಳನ್ನು ಮಾತ್ರ ಗೋಡೆಯ ಆಚೆಯಿಂದಲೇ ಓದಿದರು.

ಕನ್ನಡ ಗುಂಡಾದುದು ಹೇಗೆ?

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ಕೇಳದ ಕನ್ನಡಿಗರಿಲ್ಲ. ಅದರಲ್ಲಿರುವುದು ಬ್ರಾಹ್ಮೀ ಲಿಪಿ. ಕನ್ನಡ ತೆಲುಗುಗಳೆರಡಕ್ಕೂ ಮೂಲ ಅದೇ. ಅಲ್ಲಿ 'ಕ' ಎಂದರೆ ಕೂಡುವ ಲೆಕ್ಕದ ಚಿಹ್ನೆಯಂತೆ ಒಂದಕ್ಕೊಂದು ಅಡ್ಡ ಹಾಯುವ ಎರಡು ಗೆರೆ, 'ಗ' ಎಂದರೆ ಮನೆಯ ಮಾಡಿನಂತೆ ಎರಡು ಓರೆ ಗೆರೆ. 'ಠ' ಮಾತ್ರ ಆಗಲೇ ಪೂರ್ಣ ವೃತ್ತ. ಇಂಥ ನೇರ ಗೆರೆಗಳು ಶತಮಾನಗಳುದ್ದಕ್ಕೂ ಬಾಗುತ್ತ ಬಳುಕುತ್ತ ಇಂದಿನ ದುಂಡು ರೂಪಕ್ಕೆ ಬಂದುವು. ತಾಳೆಗರಿಯ ಮೇಲೆ ಕಂಠದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಆದುದರಿಂದ ದಕ್ಷಿಣದ ಲಿಪಿಗಳು ಗುಂಡಾದುವು ಎಂದು ಬಲ್ಲವರು ಹೇಳುವುದುಂಟು. ಕನ್ನಡವೂ ತೆಲುಗೂ ಬಹುಕಾಲ ಒಂದೇ ಲಿಪಿಯಲ್ಲಿ ಬಾಳಿ ನಿಧಾನವಾಗಿ ಬೇರೆಯಾದ ಅಕ್ಕತಂಗಿಯರು. ಅಚ್ಚಿನ ಮೊಳೆ ಬಂದ ಮೇಲೆ ಅವರ ನಡುವಿನ ಗೋಡೆ ಗಟ್ಟಿಯಾಯಿತು.

ಆ ಮೊಳೆಯ ಚರಿತ್ರೆಯೂ ಸ್ವಾರಸ್ಯವಾದದ್ದು. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದರು. 1843ರ ಜುಲೈನಲ್ಲಿ ಮೊಗ್ಲಿಂಗ್ ಅವರು ಹೊರಡಿಸಿದ 'ಮಂಗಳೂರ ಸಮಾಚಾರ' ಇನ್ನೂ ಕಲ್ಲಚ್ಚಿನದು, ಎಂದರೆ ಕೈಬರಹವನ್ನೇ ಕಲ್ಲಿನಿಂದ ಕಾಗದಕ್ಕೆ ಇಳಿಸಿದ್ದು. ಆಮೇಲೆ ಸೀಸದ ಮೊಳೆ ಬಂದಿತು. ಕಿಟ್ಟೆಲರ ಮಹಾಕೋಶ 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಗಿ ಹೊರಬಂದಿತು. ಇವೆಲ್ಲ ಗ್ರಂಥಗಳಿಗೆಂದು ಹುಟ್ಟಿದ ಮೊಳೆಗಳು: ಶಾಂತ, ಗಂಭೀರ, ಮಿತಭಾಷಿ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಕನ್ನಡಕ್ಕೆ ನೂರಾರು ಮೊಳೆ ಬೇಕು. ಇಂಗ್ಲಿಷಿಗಾದರೋ ಅದರ ಒಂದು ಭಾಗ ಸಾಕು. ಆದುದರಿಂದ ಬರೀ ತಮಾಷೆಗೆಂದು ಹೊಸದೊಂದು ಮೊಳೆಯನ್ನು ಎರಕ ಹೊಯ್ಯಿಸುವ ಧೈರ್ಯ ಯಾರಿಗೆ ಬಂದೀತು? ಇಂಗ್ಲಿಷಿನಲ್ಲಿ ಆಸ್ವಾಲ್ಡ್ ಕೂಪರ್ ಎಂಬವರು ರೂಪಿಸಿದ 'ಕೂಪರ್ ಬ್ಲ್ಯಾಕ್' ಎಂಬ ದಪ್ಪ ದುಂಡು ಮೊಳೆ 1922ರಲ್ಲಿಯೇ ಅಮೆರಿಕದಲ್ಲಿ ಬಂದು ಜಾಹೀರಾತುಗಳಲ್ಲಿ ಮೆರೆಯಿತು. ಕನ್ನಡದಲ್ಲಿ ಆ ಕೆಲಸವನ್ನು ಬಹುಕಾಲ ಮಾಡಿದವರು ಸಿನಿಮಾ ಭಿತ್ತಿಪತ್ರದ ಕಲಾವಿದರು, ಅಂಗಡಿ ಹಲಗೆ ಬರೆಯುವ ಪೇಂಟರುಗಳು. ಅವರ ಕುಂಚದಲ್ಲಿ ಕನ್ನಡ ಹೊಟ್ಟೆ ತುಂಬ ಉಂಡು ನಕ್ಕಿತು. ಆ ನಗುವನ್ನು ಕಂಪ್ಯೂಟರಿಗೆ ತಂದ ಫಾಂಟುಗಳಲ್ಲಿ ನಮ್ಮ ತಮ್ಮನೂ ಒಬ್ಬ.

ದಪ್ಪ ಅಕ್ಷರ ಬಿಡಿಸುವುದು ಸುಲಭವೆಂದು ತಿಳಿಯಬಾರದು. ತೆಳ್ಳಗಿನ ಗೆರೆಯನ್ನು ಸುಮ್ಮನೆ ಉಬ್ಬಿಸಿದರೆ 'ಣ', 'ಷ', 'ಖ'ಗಳ ಒಳಗಿನ ಬಯಲು ಮುಚ್ಚಿಹೋಗಿ ಅಕ್ಷರವು ಮಸಿಯ ಉಂಡೆಯಾಗುತ್ತದೆ. ಬಯಲನ್ನು ಉಳಿಸಲು ಗೆರೆಯನ್ನು ಒಂದು ಕಡೆ ತೆಳುವಾಗಿಸಿ, ಇನ್ನೊಂದು ಕಡೆ ಹೊರಕ್ಕೆ ತಳ್ಳಬೇಕು. ತಲೆಕಟ್ಟು ಭಾರವಾಗಬಾರದು. ಕೆಳಗೆ ತೂಗುವ ಒತ್ತಕ್ಷರ ಚಿಕ್ಕದಾದರೂ ಮೇಲಿನದಕ್ಕೆ ಸಮನಾದ ಮೈಕಟ್ಟು ತೋರಬೇಕು. 'ಸ್ತ್ರೀ' ಎಂಬ ಒಂದು ಅಕ್ಷರವನ್ನು ಪೆನ್ಸಿಲಿನಿಂದ ದಪ್ಪಗೆ ಬರೆದು ನೋಡಿದರೆ ಓದುಗರಿಗೇ ಕಷ್ಟ ತಿಳಿಯುತ್ತದೆ. ನಾವು ಬರೆದು ನೋಡಿದೆವು. ಅದು ಸ್ತ್ರೀಯಂತೆ ಕಾಣಲಿಲ್ಲ, ಮಳೆಯಲ್ಲಿ ನೆನೆದ ಕಂಬಳಿಯಂತೆ ಕಂಡಿತು.

ತರಗತಿಯಲ್ಲಿ ತಮ್ಮ

ಸರಿ, ರಾತ್ರಿ ಊಟವಾದ ಮೇಲೆ ಕುಳಿತು, ಒಂದು ಹಾಳೆಗೆ ಒಂದೇ ಅಕ್ಷರದಂತೆ ಅಂಗೈಯಗಲದ ಕಾರ್ಡುಗಳನ್ನು ಮಾಡಿದೆವು. ಮನೆಯಾಕೆ ಅವನ್ನು ಹಳೆಯ ಕ್ಯಾಲೆಂಡರಿನ ರಟ್ಟಿಗೆ ಅಂಟಿಸಿದರು. ಮೊದಲ ಭಾನುವಾರವೇ ಮಕ್ಕಳು ಕಾರ್ಡುಗಳಿಗಾಗಿ ಜಗಳವಾಡಿದರು. ಕನ್ನಡಕ್ಕಾಗಿ ಮಕ್ಕಳು ಜಗಳವಾಡಿದ್ದನ್ನು ನಾವು ಕಂಡದ್ದು ಅದೇ ಮೊದಲು.

ಆದರೆ ಹುಡುಗನ ಹಳೆಯ ಪ್ರಶ್ನೆ ಹಾಗೆಯೇ ಇತ್ತು. ಕನ್ನಡವನ್ನು ಅವನು ಇನ್ನೂ 'ತಪ್ಪು ತೆಲುಗು' ಎಂದೇ ಓದುತ್ತಿದ್ದ. ಆಗ ನಮಗೊಂದು ಉಪಾಯ ಹೊಳೆಯಿತು. ತಮ್ಮನ ಜೊತೆಗೆ ತಮ್ಮುಡುವನ್ನೂ ಕರೆತಂದು, ಕನ್ನಡದ 'ಗ' ಪಕ್ಕದಲ್ಲಿ ತೆಲುಗಿನ 'ಗ', ಕನ್ನಡದ 'ಕ' ಪಕ್ಕದಲ್ಲಿ ತೆಲುಗಿನ 'ಕ' ಇಟ್ಟೆವು. ಬೇರೆ ಬೇರೆ ಪುಸ್ತಕಗಳಲ್ಲಿ ನೋಡಿದರೆ ವ್ಯತ್ಯಾಸವು ಅಚ್ಚಿನದೋ ಲಿಪಿಯದೋ ಮಗುವಿಗೆ ತಿಳಿಯುವುದಿಲ್ಲ. ಇಲ್ಲಿಯಾದರೋ ಇಬ್ಬರದೂ ಒಂದೇ ದಪ್ಪ, ಒಂದೇ ದುಂಡು. ಉಳಿಯುವ ವ್ಯತ್ಯಾಸವೆಲ್ಲ ಲಿಪಿಯದೇ. ಮಕ್ಕಳು ತಾವೇ ಕಂಡುಹಿಡಿದರು: ಕನ್ನಡದ ತಲೆಕಟ್ಟು ಅಡ್ಡಲಾಗಿ ಮಲಗಿ ತುದಿಯಲ್ಲಿ ಸುರುಳಿಯಾಗುತ್ತದೆ, ತೆಲುಗಿನದು ಮೇಷ್ಟರು ಸರಿಯುತ್ತರಕ್ಕೆ ಹಾಕುವ ಗುರುತಿನಂತೆ ನಿಂತಿರುತ್ತದೆ. 'ಅ', 'ಟ', 'ಜ', 'ಬ', 'ಲ' ಇವು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. 'ಕ', 'ತ', 'ಶ' ಬೇರೆ. ಒಬ್ಬ ಹುಡುಗಿ, "ಕನ್ನಡ ಕ್ರಾಪು ಬಾಚಿಕೊಂಡಿದೆ, ತೆಲುಗು ಕೂದಲು ನಿಲ್ಲಿಸಿಕೊಂಡಿದೆ" ಎಂದಳು. ಇದಕ್ಕಿಂತ ಚೆನ್ನಾಗಿ ನಾವು ಹೇಳಲಾರೆವು. ತೆಲುಗು ಬಂದಿರುವುದು ಕನ್ನಡಕ್ಕೆ ಅಡ್ಡಿಯಲ್ಲ, ಅರ್ಧ ದಾರಿಯ ಬುತ್ತಿ ಎಂಬುದು ಅಂದು ನಮಗೆ ಮನದಟ್ಟಾಯಿತು.

ಎಲ್ಲಿ ಸಲ್ಲುತ್ತಾನೆ, ಎಲ್ಲಿ ಸಲ್ಲನು

ಹೊಸ ಸೊಸೆ ಬಂದಾಗ ಮನೆಯ ಕೆಲಸವನ್ನೆಲ್ಲ ಅವಳ ತಲೆಗೇ ಕಟ್ಟುವವರುಂಟು. ನಾವೂ ತಮ್ಮನ ವಿಷಯದಲ್ಲಿ ಹಾಗೆಯೇ ಮಾಡಿದೆವು. ಅದರ ಫಲವನ್ನು ಮುಚ್ಚಿಡದೆ ಹೇಳುತ್ತೇವೆ; ಬೇರೆಯವರಾದರೂ ಎಚ್ಚರವಾಗಿರಲಿ.

ಮೊದಲನೆಯದು ಸಂಘದ ಮನವಿಪತ್ರ. ತರಗತಿಗೆ ಹಲಗೆ, ಸೀಮೆಸುಣ್ಣಗಳಿಗಾಗಿ ನಾಲ್ಕು ಕಾಸು ಕೂಡಿಸಬೇಕಾಗಿತ್ತು. ಅರ್ಧ ಹಾಳೆಯಲ್ಲಿ ಎಲ್ಲವನ್ನೂ ಹಿಡಿಸಲು ಅತಿ ದಪ್ಪನೆಯ ತಮ್ಮನನ್ನು ಅತಿ ಸಣ್ಣ ಅಳತೆಗೆ ಇಳಿಸಿ, ಅದನ್ನು ನೆರಳಚ್ಚು ಮಾಡಿಸಿ ಹಂಚಿದೆವು. ಮಾರನೆಯ ದಿನ ಸಂಘದ ಹಿರಿಯರಾದ ನಿವೃತ್ತ ಉಪಾಧ್ಯಾಯರೊಬ್ಬರು ಫೋನು ಮಾಡಿ, "ಅಲ್ಲ ರೀ, ಕೊಡೋದೇನೋ ಕೊಡೋಣ. ಆಕಳು ಕೊಡಬೇಕೋ ಎಮ್ಮೆ ಕೊಡಬೇಕೋ ಅದನ್ನೂ ಸ್ವಲ್ಪ ಬರೀಬಾರದೇನ್ರೀ?" ಎಂದರು. ಹಾಳೆ ತೆಗೆದು ನೋಡಿದರೆ 'ಧನಸಹಾಯ'ದ ಹೊಟ್ಟೆಯ ಕೆಳಗಿನ ಸೀಳು ಮಸಿಯಲ್ಲಿ ಮುಚ್ಚಿಹೋಗಿ 'ದನಸಹಾಯ'ವಾಗಿತ್ತು! ನಮ್ಮ ಲಿಪಿಯಲ್ಲಿ ದ ಧ, ಡ ಢ, ಪ ಫ ಇವುಗಳ ಭೇದವೆಲ್ಲ ಆ ಒಂದು ಸಣ್ಣ ಗೀರಿನಲ್ಲಿದೆ. ದಪ್ಪ ಮೊಳೆಯನ್ನು ಸಣ್ಣ ಅಳತೆಯಲ್ಲಿ ಬಳಸಿದರೆ ಮೊದಲು ಪ್ರಾಣ ಬಿಡುವುದು ಮಹಾಪ್ರಾಣವೇ. ಇದು ತಮ್ಮನ ದೋಷವಲ್ಲ, ನಮ್ಮದು. ಅವನು ತಲೆಬರಹಕ್ಕೆ ಹುಟ್ಟಿದವನು. ಅವನಿಂದ ಪತ್ರ ಬರೆಸಬಾರದು.

ಎರಡನೆಯದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ನಮ್ಮ ನೆರೆಯಲ್ಲಿದ್ದ ಕನ್ನಡದ ಹಿರಿಯರೊಬ್ಬರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಪತ್ರವನ್ನು ಕನ್ನಡದಲ್ಲಿ ಮಾಡಿಕೊಡಬೇಕೆಂದು ಅವರ ಮಗ ನಮ್ಮನ್ನು ಕೇಳಿದರು. ಕಚೇರಿಯಿಂದ ತಡವಾಗಿ ಬಂದು, ಹಿಂದೆ ಮಕ್ಕಳ ಕಾರ್ಯಕ್ರಮಕ್ಕೆ ಮಾಡಿದ್ದ ಹಾಳೆಯನ್ನೇ ತೆರೆದು, ಮಾತುಗಳನ್ನು ಬದಲಾಯಿಸಿ, ಅರವತ್ತು ಪ್ರತಿ ತೆಗೆದುಕೊಂಡು ಹೋಗಿ ಕೊಟ್ಟೆವು. ಮಗ ನೋಡಿ ಸುಮ್ಮನಿದ್ದರು. ಒಳಗಿನಿಂದ ಬಂದ ಅವರ ತಾಯಿಯವರು ಕೈಗೆ ತೆಗೆದುಕೊಂಡು, "ಯಾರ ಮನೇಲಿ ಅಪ್ಪಾ, ನಾಮಕರಣ?" ಎಂದು ಕೇಳಿದರು. ಅಕ್ಷರಗಳು ಆ ಕಾಗದದ ಮೇಲೆ ಕುಣಿಯುತ್ತಿದ್ದುವು. ನಾವು ಮಾತಾಡದೆ ಪ್ರತಿಗಳನ್ನೆಲ್ಲ ಹಿಂದಕ್ಕೆ ತಂದು, ಆ ರಾತ್ರಿಯೇ ಗಂಭೀರವಾದ ಅಚ್ಚಿನಲ್ಲಿ ಮತ್ತೆ ಮಾಡಿ ಬೆಳಗಾಗುವ ಮುನ್ನ ತಲುಪಿಸಿದೆವು. ಬರೆದ ಮಾತುಗಳಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದುದು ದನಿ. ಸೂತಕದ ಮನೆಗೆ ಹೋಗಿ ಗಟ್ಟಿಯಾಗಿ ನಕ್ಕಂತೆ ಆಗಿತ್ತು. ಅಕ್ಷರಕ್ಕೆ ರೂಪವೇನು ಮುಖ್ಯ ಎನ್ನುತ್ತಿದ್ದ ನಮಗೆ ಆ ತಾಯಿಯ ಒಂದು ಪ್ರಶ್ನೆ ಉತ್ತರ ಹೇಳಿತು.

ಮೂರನೆಯದು ರಾಜ್ಯೋತ್ಸವದ ಫ್ಲೆಕ್ಸಿ. ಅಚ್ಚು ಹಾಕುವ ಅಂಗಡಿಯ ತರುಣನಿಗೆ ಕನ್ನಡ ಬರದು, ಒಳ್ಳೆಯ ಹುಡುಗ. ಬಲೂ ತಮ್ಮ ಬೇಕೆಂದಾಗ ಅವನು, "ತಮ್ಮುಡು ಉನ್ನಾಡು ಅನ್ನಾ" ಎಂದು ಅದನ್ನೇ ಹಾಕಿದ. ತೆರೆಯ ಮೇಲೆ ಕನ್ನಡದ ಬದಲು ಸಾಲುಸಾಲಾಗಿ ಖಾಲಿ ಡಬ್ಬಿಗಳು ಮೂಡಿದುವು. ತಮ್ಮುಡುವಿನಲ್ಲಿ ತೆಲುಗಿದೆ, ಕನ್ನಡವಿಲ್ಲ; ಇಲ್ಲದ ಅಕ್ಷರದ ಜಾಗದಲ್ಲಿ ಯಂತ್ರವು ಡಬ್ಬಿ ತೋರಿಸುತ್ತದೆ. ಇಂಗ್ಲಿಷಿನವರು ಈ ಡಬ್ಬಿಗೆ ತಮಾಷೆಯಾಗಿ 'ತೋಫು' ಎನ್ನುತ್ತಾರಂತೆ, ಸೋಯಾ ಗಡ್ಡೆಯ ತುಂಡಿನಂತಿದೆಯೆಂದು. ಎಲ್ಲ ಭಾಷೆಗಳಿಗೂ ಅಕ್ಷರ ಒದಗಿಸಲು ಗೂಗಲಿನವರು ಮಾಡಿಸಿದ 'ನೋಟೋ' ಫಾಂಟಿನ ಹೆಸರು ಬಂದುದೂ 'ತೋಫು ಬೇಡ' ಎಂಬ ಅರ್ಥದಿಂದಲೇ. ಆಮೇಲೆ ತಮ್ಮನನ್ನು ತಂದು ಹಾಕಿದ್ದಾಯಿತು. ಆದರೆ ಅವನ ಹಳೆಯ ತಂತ್ರಾಂಶಕ್ಕೆ ನಮ್ಮ ಒತ್ತಕ್ಷರ ಜೋಡಿಸಲು ಬಾರದು. ಹತ್ತು ಅಡಿ ಉದ್ದದ ಫ್ಲೆಕ್ಸಿಯನ್ನು ಮನೆಯಲ್ಲಿ ಬಿಚ್ಚಿ ನೋಡಿದರೆ 'ರಾಜ್ಯೋತ್ಸವ' ಹೋಗಿ 'ರಾಜ್‌ಯೋತ್‌ಸವ' ಆಗಿತ್ತು. ನಾವೇ ಮೊದಲು ಪರೀಕ್ಷಿಸಬೇಕಾಗಿತ್ತು. ಮತ್ತೆ ಹಣ ತೆತ್ತು ಹೊಸದು ಮಾಡಿಸಿದೆವು.

ಇಷ್ಟು ಪೆಟ್ಟು ತಿಂದ ಮೇಲೆ ನಮಗೆ ತಿಳಿದದ್ದು ಇಷ್ಟು. ಮಕ್ಕಳ ಪುಸ್ತಕದ ಹೊದಿಕೆ, ಹುಟ್ಟುಹಬ್ಬದ ಕರೆಯೋಲೆ, ನಾಟಕದ ಭಿತ್ತಿಪತ್ರ, ಶಾಲೆಯ ಚೀಲದ ಹೆಸರುಚೀಟಿ, ಉಪ್ಪಿನಕಾಯಿ ಭರಣಿಯ ಮೇಲಿನ ಚೀಟಿ, ತಿಂಡಿ ಅಂಗಡಿಯ ಹಲಗೆ, ಅಡಿಗೆ ಸ್ಪರ್ಧೆಯ ಪ್ರಕಟಣೆ ಇವೆಲ್ಲ ತಮ್ಮನ ರಾಜ್ಯ. ಮೂರು ನಾಲ್ಕು ಪದಗಳಿಗಿಂತ ಹೆಚ್ಚು ಅವನ ಮೇಲೆ ಹೊರಿಸಬಾರದು. ಸಾಲುಗಳ ನಡುವೆ ಧಾರಾಳವಾಗಿ ಎಡೆ ಬಿಡಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ತಲೆಕಟ್ಟನ್ನು ತುಳಿಯುತ್ತದೆ. ಕೆಳಗಿನ ವಿವರಗಳಿಗೆ ನೋಟೋದಂಥ ತೆಳು ಅಚ್ಚು ಒಳ್ಳೆಯದು. ಶ್ರದ್ಧಾಂಜಲಿ, ಲೆಕ್ಕಪತ್ರ, ಅರ್ಜಿ, ನಿಬಂಧನೆ ಇವುಗಳ ಹತ್ತಿರ ಅವನನ್ನು ಬಿಡಕೂಡದು.

ಮನೆಯಲ್ಲಿ ಮಾಡಬಹುದಾದದ್ದು

ಬೇರೆ ಊರುಗಳ ಓದುಗರಿಗೂ ಇದರಿಂದ ಉಪಯೋಗವಾದೀತೆಂದು ನಾಲ್ಕು ಮಾತು ಬರೆಯುತ್ತೇವೆ. ಈ ಫಾಂಟಿಗೆ ಒಂದು ಕಾಸೂ ಕೊಡಬೇಕಾಗಿಲ್ಲ. ಇದು ಮುಕ್ತ ಪರವಾನಗಿಯಲ್ಲಿ ಬಂದದ್ದು: ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಮಾಡಬಹುದು, ಹಂಚಬಹುದು, ತಿದ್ದಲೂಬಹುದು, ಫಾಂಟನ್ನೇ ಒಂಟಿಯಾಗಿ ಮಾರುವಂತಿಲ್ಲ, ಅಷ್ಟೇ. ಮೊದಲು ಬಂದುದು ಒಂದೇ ದಪ್ಪದ್ದು. ಆಮೇಲೆ ಬಂದ 'ಬಲೂ ತಮ್ಮ 2' ಎಂಬುದರಲ್ಲಿ ಸಾಧಾರಣದಿಂದ ಅತಿ ದಪ್ಪದವರೆಗೆ ಐದು ಮೈಕಟ್ಟುಗಳಿವೆ. ಕಾರ್ಡುಗಳಿಗೆ ನಡುವಿನದು ಮೇಲು.

ಇದು ಯೂನಿಕೋಡಿನ ಫಾಂಟು. ಎಂದರೆ ಇದರಲ್ಲಿ ಬರೆದ 'ಕ' ಎಲ್ಲ ಯಂತ್ರಗಳಲ್ಲಿಯೂ 'ಕ' ಆಗಿಯೇ ಉಳಿಯುತ್ತದೆ. ಹಿಂದೆ ಬಳಕೆಯಲ್ಲಿದ್ದ ಹಲವು ಕನ್ನಡ ಫಾಂಟುಗಳಲ್ಲಿ ಹೀಗಿರಲಿಲ್ಲ; ಆ ಫಾಂಟಿಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷು ಚಿಹ್ನೆಗಳ ರಾಶಿ ಕಾಣುತ್ತಿತ್ತು. ಫ್ಲೆಕ್ಸಿ ಅಂಗಡಿಗೆ ಹೋಗುವಾಗ ಬರಹವನ್ನು ಕೊಡದೆ, ಮನೆಯಲ್ಲೇ ಪಿಡಿಎಫ್ ಮಾಡಿ ಅದನ್ನು ಕೊಡಬೇಕು. ಆಗ ಒತ್ತಕ್ಷರ ಒಡೆಯುವ ಭಯವಿಲ್ಲ. ಕಾರ್ಡಿನ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಮಗು ಶಾಲೆಯಲ್ಲಿ ಕಲಿಯುವ ಲಿಪಿಯನ್ನು ಹಾಕಿರಿ. ಪುಣೆ, ಮುಂಬಯಿಗಳಲ್ಲಿರುವವರಿಗೆ ದೇವನಾಗರಿಯ ಬಲೂ, ಮದರಾಸಿನವರಿಗೆ ತಂಬಿ, ಕಾಸರಗೋಡಿನವರಿಗೆ ಚೇಟ್ಟನ್ ಇದ್ದಾನೆ. ಪರದೇಶದಲ್ಲಿರುವವರಿಗೆ ತಮ್ಮನ ಜೊತೆಯಲ್ಲೇ ಇಂಗ್ಲಿಷು ಇದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಚಂದದ ಅಕ್ಷರ ಭಾಷೆಯನ್ನು ಕಲಿಸುವುದಿಲ್ಲ. ಅಕ್ಷರ ಗುಂಡಗಿದೆಯೆಂದು ಮಗು ಒಂದು ಸಲ ನೋಡುತ್ತದೆ. ಎರಡನೆಯ ಸಲ ನೋಡಬೇಕಾದರೆ ಪಕ್ಕದಲ್ಲಿ ಯಾರಾದರೂ ಕುಳಿತಿರಬೇಕು. ನಮ್ಮ ಮನೆಯಲ್ಲಿ ಕುಳಿತವರು ನಮ್ಮ ತಾಯಿಯವರು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಮೊಮ್ಮಗ ಕಾರ್ಡು ಹರಡಿ ಆಡುವರು. ಅಜ್ಜಿ ಒಂದು ಪದ ಹೇಳುವರು, ಹುಡುಗ ಅಕ್ಷರ ಜೋಡಿಸುವನು. ಜೋಳ, ಬುತ್ತಿ, ಗುಳ್ಳವ್ವ, ಎಳ್ಳಮಾಸಿ: ಅವನ ಶಾಲೆಯ ಪುಸ್ತಕದಲ್ಲಿಲ್ಲದ ಮಾತುಗಳು. ಅವುಗಳ ಅರ್ಥ ಹೇಳುವಾಗ ಒಂದೊಂದಕ್ಕೂ ಒಂದು ಕಥೆ ಹೊರಡುತ್ತಿತ್ತು. ಕಾರ್ಡು ತರಲು ಮರೆತ ದಿನವೂ ಕಥೆ ನಿಲ್ಲಲಿಲ್ಲ.

ಈಗ ಭಾನುವಾರದ ತರಗತಿಗೆ ಒಂಬತ್ತು ಮಕ್ಕಳು ಬರುತ್ತಾರೆ. ಇದೇನೂ ದೊಡ್ಡ ಸಂಖ್ಯೆಯಲ್ಲ. ಕೋಣೆ ಉಳಿಯಿತು, ಅಷ್ಟೇ. ಈ ಬೇಸಿಗೆಯಲ್ಲಿ ತಾಯಿಯವರು ಮತ್ತೆ ಬೆಂಗಳೂರಿಗೆ ಹೊರಟಾಗ ಹುಡುಗ ಗಾಡಿಯ ಹಲಗೆಯನ್ನು ಹುಡುಕಿಕೊಂಡು ಹೋಗಿ ಕನ್ನಡದ ಸಾಲನ್ನು ಒಂದೊಂದೇ ಅಕ್ಷರವಾಗಿ ಓದಿದ. ಅದು ತೆಳ್ಳಗಿನ, ಮಸುಕಾದ, ಒಂದು ಚೂರೂ ಗುಂಡಗಿಲ್ಲದ ಅಕ್ಷರ. ಹದಿನೈದು ದಿನಗಳ ಮೇಲೆ ಅವನ ಹೆಸರಿಗೆ ಬೆಂಗಳೂರಿನಿಂದ ಒಂದು ಕಾಗದ ಬಂದಿತು, ಅಜ್ಜಿಯ ನಡುಗುವ ಕೈಬರಹದ್ದು. ನಾವು ಕಚೇರಿಯಿಂದ ಬರುವ ಹೊತ್ತಿಗೆ ಅವನು ಅರ್ಧ ಓದಿ ಮುಗಿಸಿದ್ದ. ಉಳಿದರ್ಧವನ್ನು ಓದಿ ಹೇಳಲೇ ಎಂದು ಕೇಳಿದೆವು. "ಬ್ಯಾಡ ಅಪ್ಪಾ, ಅಜ್ಜಿ ನನಗ ಬರದಾಳ" ಎಂದು ಕಾಗದವನ್ನು ಹಿಂದಕ್ಕೆ ಎಳೆದುಕೊಂಡ.

ಈ ಕಾರ್ಡುಗಳನ್ನು ತಮ್ಮ ಮನೆಗಳಲ್ಲಿ ಮಾಡಿ ನೋಡಿದ ಓದುಗರು ತಮ್ಮ ಅನುಭವವನ್ನು ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ. ದನಸಹಾಯವನ್ನು ಮಾತ್ರ ಯಾರೂ ಕಳಿಸಬಾರದು. ನಮ್ಮ ಸಂಘದಲ್ಲಿ ಕೊಟ್ಟಿಗೆಯಿಲ್ಲ.